ಬಿಡಿಸಲೆಂದೇ ಕಟ್ಟಿದ ಗಂಟು

‘ದಿನದಿನದೊಳಗೆ ಹರಿಯುವುದು.’ ಎರಡಕ್ಷರದ ಉತ್ತರ. ಏನಿರಬಹುದು?

ಮುಂದೆ ಓದುವ ಮೊದಲು ಒಂದರೆಗಳಿಗೆ ಯೋಚಿಸಿ ನೋಡಿ. ತಟ್ಟನೆ ಹೊಳೆಯುವ ಉತ್ತರ ‘ಕಾಲ’. ಅದು ಹೊಳೆಯುವುದಕ್ಕೆ ಕಾರಣವೂ ಇದೆ. ಕಾಲ ಹರಿಯುತ್ತದೆ ಎಂದು ನಾವು ಆಡುವುದುಂಟು. ದಿನಗಳ ಒಳಗೇ ಅದು ಸಾಗುತ್ತದೆ. ಅಕ್ಷರಗಳೂ ಲೆಕ್ಕಕ್ಕೆ ಸರಿಯಾಗಿ ಎರಡೇ. ಕೇಳಲು ಚೆನ್ನಾಗಿದೆ, ಸ್ವಲ್ಪ ವೇದಾಂತದ ಬಣ್ಣವೂ ಇದೆ. ಆದರೆ ಉತ್ತರ ‘ನದಿ’. ‘ದಿನದಿನ’ ಎಂಬುದರ ಅರ್ಥವನ್ನು ಮರೆತು ಬರಿಯ ಅಕ್ಷರಗಳನ್ನಷ್ಟೇ ನೋಡಿದರೆ ದಿ-ನ-ದಿ-ನ ಎಂದು ಕಾಣುತ್ತದೆ. ಅದರ ನಟ್ಟನಡುವೆ, ‘ಒಳಗೆ’, ನದಿ ಇದೆ. ‘ಹರಿಯುವುದು’ ಎಂಬುದು ಅದರ ಅರ್ಥಸೂಚನೆ.

ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವ ಕ್ರಿಪ್ಟಿಕ್ ಕ್ರಾಸ್‌ವರ್ಡಿನ ಮಾದರಿಯಲ್ಲಿ ನಾನು ಕಟ್ಟಿಕೊಂಡ ಕನ್ನಡದ ಸುಳಿವು ಇದು. ನಮ್ಮ ದಿನಪತ್ರಿಕೆ, ವಾರಪತ್ರಿಕೆಗಳ ಪದಬಂಧದಲ್ಲಿ ಸಾಮಾನ್ಯವಾಗಿ ಒಂದು ಪದದ ಅರ್ಥ ಕೊಟ್ಟು ಆ ಪದವನ್ನು ಕೇಳುತ್ತಾರೆ. ಗೂಢ ಪದಬಂಧದ ಸುಳಿವಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು ಭಾಗ ಉತ್ತರದ ಅರ್ಥವನ್ನು ಹೇಳುತ್ತದೆ. ಇನ್ನೊಂದು ಭಾಗ ಆ ಪದ ಹೇಗೆ ಕಟ್ಟಿಕೊಂಡಿದೆ ಎಂಬುದನ್ನು ಹೇಳುತ್ತದೆ: ಅಡಗಿಸಿ, ತಿರುಗಿಸಿ, ಕಲಸಿ ಅಥವಾ ಎರಡು ತುಂಡು ಜೋಡಿಸಿ. ಎರಡು ಭಾಗಗಳ ನಡುವಿನ ಹೊಲಿಗೆ ಕಾಣದ ಹಾಗೆ ಇಡೀ ವಾಕ್ಯ ಬೇರೇನನ್ನೋ ಹೇಳುತ್ತಿರುವಂತೆ ತೋರಬೇಕು. ಬಿಡಿಸುವವರಿಗೆ ಕಷ್ಟವಾಗುವುದು ಆ ತೋರಿಕೆಯಿಂದ. ನದಿಯ ಬದಲು ಕಾಲ ಎಂಬ ಉತ್ತರ ಮನಸ್ಸಿಗೆ ಬರುವುದು ಪದಸಂಪತ್ತು ಕಡಿಮೆಯಿದ್ದವರಿಗೆ ಮಾತ್ರ ಅಲ್ಲ. ಭಾಷೆಯನ್ನು ಚೆನ್ನಾಗಿ ಬಲ್ಲವರೇ ಅರ್ಥದ ಹಿಂದೆ ಬೇಗ ಓಡುತ್ತಾರೆ.

ಈ ಆಟದಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇಷ್ಟೇ. ಒಬ್ಬರು ಇನ್ನೊಬ್ಬರನ್ನು ಬೇಕೆಂದೇ ದಾರಿ ತಪ್ಪಿಸುತ್ತಾರೆ. ದಾರಿ ತಪ್ಪಿಸಿಕೊಂಡವರು ಕೊನೆಗೆ ಖುಷಿಪಡುತ್ತಾರೆ, ‘ಎಂಥಾ ನ್ಯಾಯವಾದ ಸುಳಿವು’ ಎಂದು ಹೊಗಳುತ್ತಾರೆ. ಮೋಸ ಮತ್ತು ನ್ಯಾಯ ಒಂದೇ ಸಾಲಿನಲ್ಲಿ ಹೇಗೆ ಕೂತವು?

ನಾನಿರುವುದು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ. ಈ ಹೆಸರೇ ಒಂದು ಜೋಡಿಪದದ ಸುಳಿವಿನ ಹಾಗಿದೆ. ಕೊಡಿಯಾಲವೆಂದರೆ ಕೊಂಕಣಿಯವರ ಮಂಗಳೂರು. ಬೈಲು ಎಂದರೆ ತುಳುವರ ಗದ್ದೆಬಯಲು. ಈಗ ಗದ್ದೆ ಹುಡುಕಿದರೂ ಸಿಗುವುದಿಲ್ಲ. ಪಿವಿಎಸ್ ವೃತ್ತದಿಂದ ನವಭಾರತ ವೃತ್ತದವರೆಗೆ ನಡೆದರೆ ಕಾಣುವುದು ಅಂಗಡಿ, ಆಸ್ಪತ್ರೆ, ಅಪಾರ್ಟ್‌ಮೆಂಟು. ಹೆಸರಿನೊಳಗೆ ಮಾತ್ರ ಗದ್ದೆ ಉಳಿದುಕೊಂಡಿದೆ. ಇದೇ ಊರು ತುಳುವಿನಲ್ಲಿ ಕುಡ್ಲ, ಬ್ಯಾರಿಯಲ್ಲಿ ಮೈಕಾಲ. ಒಂದೇ ಜಾಗಕ್ಕೆ ಇಷ್ಟು ಉತ್ತರಗಳಿರುವ ಊರಿನಲ್ಲಿ ಮಾತು ಒಂದೇ ಅರ್ಥದಲ್ಲಿ ನಿಲ್ಲುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತಿರುತ್ತದೆ.

ನಾನು ಬಾಡಿಗೆಗಿರುವ ಕಟ್ಟಡದಲ್ಲೇ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ‘ದಿ ಹಿಂದೂ’ ಪತ್ರಿಕೆಯ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಅವರ ಬೆಳಗಿನ ಕಾಫಿಯ ಜೊತೆಗಾರ. ನನಗೆ ಇದರ ರುಚಿ ಹತ್ತಿಸಿದವರು ಅವರೇ. ಅವರದೊಂದು ಕಟ್ಟುನಿಟ್ಟು ಇದೆ: ಉತ್ತರ ಹೊಳೆದ ಕೂಡಲೇ ಚೌಕದಲ್ಲಿ ಬರೆಯಲು ಬಿಡುವುದಿಲ್ಲ. ಯಾವ ಪದ ಅರ್ಥಸೂಚನೆ, ಯಾವ ಪದ ಕಟ್ಟೋಣದ ಸೂಚನೆ, ಉಳಿದ ಪ್ರತಿ ಪದದ ಕೆಲಸ ಏನು ಎಂದು ಹೇಳಬೇಕು. “ಉತ್ತರ ಬಂದ್ರೆ ಸಾಕಾ ಮಾರಾಯ್ರೇ, ಲೆಕ್ಕ ಟ್ಯಾಲಿ ಆಗ್ಬೇಡ್ವಾ?” ಎನ್ನುತ್ತಾರೆ. ಜಮೆ-ಖರ್ಚು ಎರಡೂ ಬದಿ ಕೂಡಿ ಬರುವವರೆಗೆ ಬ್ಯಾಂಕಿನಿಂದ ಏಳದ ಕಾಲದವರು ಅವರು. ಅವರ ಲೆಕ್ಕದಲ್ಲಿ ‘ಕಾಲ’ ಎಂಬ ಉತ್ತರ ಟ್ಯಾಲಿ ಆಗುವುದಿಲ್ಲ. ‘ದಿನದಿನದೊಳಗೆ’ ಎಂದು ಎರಡು ಸಲ ದಿನ ಯಾಕೆ, ‘ಒಳಗೆ’ ಯಾಕೆ ಎಂಬುದಕ್ಕೆ ಅದರಲ್ಲಿ ಜವಾಬಿಲ್ಲ. ನದಿಯಲ್ಲಿ ಎಲ್ಲಕ್ಕೂ ಜವಾಬಿದೆ.

ಆ ‘ಟ್ಯಾಲಿ’ ಎಂಬ ಮಾತಿನಲ್ಲಿ ನನ್ನ ಪ್ರಶ್ನೆಗೆ ಅರ್ಧ ಉತ್ತರವಿದೆ ಅನ್ನಿಸುತ್ತದೆ. ಸುಳಿವು ಎರಡು ಬೇರೆ ಬೇರೆ ದಾರಿಗಳಿಂದ ಒಂದೇ ಪದಕ್ಕೆ ಬರುತ್ತದೆ. ಹಾಗಾಗಿ ಉತ್ತರ ಸರಿಯೋ ಅಲ್ಲವೋ ಎಂದು ತಿಳಿಯಲು ಸುಳಿವು ಕಟ್ಟಿದವರ ಅಪ್ಪಣೆ ಬೇಕಿಲ್ಲ, ನಾಳೆಯ ಪತ್ರಿಕೆಯೂ ಬೇಕಿಲ್ಲ. ಬಿಡಿಸಿದವರಿಗೇ ಗೊತ್ತಾಗುತ್ತದೆ. ‘ಒಂದು ಹೂವು’, ಮೂರಕ್ಷರ ಎಂಬ ಸುಳಿವನ್ನು ನೋಡಿ. ಮಲ್ಲಿಗೆ, ಸಂಪಿಗೆ, ಕೇದಗೆ, ತಾವರೆ, ಕಮಲ ಎಲ್ಲವೂ ಹೊಂದುತ್ತವೆ. ಅಡ್ಡ ಹಾಯುವ ಬೇರೆ ಪದದಿಂದ ಒಂದಕ್ಷರ ಸಿಗುವವರೆಗೆ ಸುಮ್ಮನೆ ಕಾಯಬೇಕು. ಈ ಸುಳಿವು ಮೇಲ್ನೋಟಕ್ಕೆ ಸುಲಭ, ಅದರಲ್ಲಿ ಯಾವ ಕಪಟವೂ ಇಲ್ಲ. ಆದರೂ ಕಪಟವಿರುವ ಗೂಢ ಸುಳಿವೇ ಬಿಡಿಸುವವರನ್ನು ಹೆಚ್ಚು ಗೌರವದಿಂದ ನಡೆಸಿಕೊಳ್ಳುತ್ತದೆ. ನಿರ್ಣಯವನ್ನು ಅದು ನಮ್ಮ ಕೈಗೇ ಕೊಡುತ್ತದೆ.

ಈ ನ್ಯಾಯ ಒಂದೇ ದಿನದಲ್ಲಿ ಹುಟ್ಟಲಿಲ್ಲ. ಮೊದಲ ಕ್ರಾಸ್‌ವರ್ಡನ್ನು ಆರ್ಥರ್ ವಿನ್ ಎಂಬವರು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಅರ್ಥ ಕೇಳುವ ಸರಳ ಪದಬಂಧ. ಅದನ್ನು ಗೂಢವಾಗಿಸಿದ್ದು ಇಂಗ್ಲೆಂಡಿನವರು. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಕಟ್ಟಿದ ಎಡ್ವರ್ಡ್ ಪೊವಿಸ್ ಮೇದರ್ಸ್ ತಮಗಿಟ್ಟುಕೊಂಡ ಹೆಸರು ಟಾರ್ಕೆಮಾಡಾ. ಅದು ಸ್ಪೇನಿನ ಧರ್ಮವಿಚಾರಣೆಯಲ್ಲಿ ಕ್ರೌರ್ಯಕ್ಕೆ ಹೆಸರಾದ ಅಧಿಕಾರಿಯ ಹೆಸರು. ಅವರ ನಂತರ ಬಂದ ಡೆರಿಕ್ ಮ್ಯಾಕ್ನಟ್ ಕೂಡ ಕ್ಸಿಮೆನೆಸ್ ಎಂಬ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರನ್ನೇ ಆರಿಸಿಕೊಂಡರು. ಹೆಸರು ಹಿಂಸೆ ಕೊಡುವವರದ್ದಾದರೂ, ಬಿಡಿಸುವವರಿಗೆ ಹಿಂಸೆಯಾಗದ ಹಾಗೆ ನಿಯಮ ಬರೆದವರು ಈ ಕ್ಸಿಮೆನೆಸರೇ. 1966ರ ತಮ್ಮ ಪುಸ್ತಕದಲ್ಲಿ ಅವರು ಒತ್ತಿ ಹೇಳಿದ್ದು, ಸುಳಿವಿನಲ್ಲಿ ಖಚಿತವಾದ ಅರ್ಥಸೂಚನೆ ಇರಬೇಕು, ನ್ಯಾಯವಾದ ಕಟ್ಟೋಣವಿರಬೇಕು, ಇವೆರಡನ್ನು ಬಿಟ್ಟು ಒಂದು ಪದವೂ ಹೆಚ್ಚಿರಬಾರದು ಎಂದು. ಅವರಿಗಿಂತ ಮೊದಲೇ, 1949ರಲ್ಲಿ, ಅಫ್ರಿತ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎ.ಎಫ್. ರಿಚಿ ಇದೇ ಧಾಟಿಯ ಮಾತಾಡಿದ್ದರು. ಅವರ ಮಾತಿನ ತಿರುಳು: ಮಾತಿನ ಮೇಲ್ಪದರಕ್ಕೆ ಸುಳಿವುಗಾರ ಬದ್ಧನಲ್ಲ, ಆದರೆ ತನ್ನ ಮನಸ್ಸಿನಲ್ಲಿರುವುದು ಆ ಮಾತಿನೊಳಗೆ ಇದೆ ಎಂಬುದಕ್ಕೆ ಅವನು ಬದ್ಧ.

ಈ ನಿಯಮವನ್ನು ನಮ್ಮ ಕಡೆಯ ಒಂದು ಹಳೆಯ ಪ್ರಕರಣಕ್ಕೆ ಹಚ್ಚಿ ನೋಡೋಣ. ದ್ರೋಣನ ಎದುರು ಧರ್ಮರಾಯ ಆಡಿದ ಮಾತು ಎಲ್ಲರಿಗೂ ಗೊತ್ತು. ಅಶ್ವತ್ಥಾಮ ಸತ್ತ ಎಂಬುದು ಸುಳ್ಳಲ್ಲ; ಆ ಹೆಸರಿನ ಆನೆಯನ್ನು ಭೀಮ ಕೊಂದಿದ್ದ. ಆನೆ ಎಂಬ ಮಾತನ್ನೂ ಧರ್ಮರಾಯ ಆಡಿದ್ದ. ಆದರೆ ಅದು ಮೆಲುದನಿಯಲ್ಲಿ ಅಡಗಿತು, ಅಥವಾ ನಾವು ಆಟ-ಕೂಟಗಳಲ್ಲಿ ಕೇಳಿದ ಹಾಗೆ ಶಂಖದ ಸದ್ದಿನಲ್ಲಿ ಮುಳುಗಿತು. ಪದಪದವಾಗಿ ನೋಡಿದರೆ ಅದು ಒಳ್ಳೆಯ ಗೂಢ ಸುಳಿವಿನ ಹಾಗೆಯೇ ಇದೆ: ಒಂದೇ ಹೆಸರು, ಎರಡು ಅರ್ಥ, ತೋರಿಕೆ ಒಂದು, ನಿಜ ಇನ್ನೊಂದು. ತಾಳಮದ್ದಳೆಯಲ್ಲಿ ಈ ಸಂದರ್ಭ ಬಂದಾಗ ಧರ್ಮರಾಯನ ಪರವಾಗಿ ವಾದ ಹೂಡಲು ಅರ್ಥಧಾರಿಗೆ ಸಾಕಷ್ಟು ಸಾಮಗ್ರಿ ಸಿಗುತ್ತದೆ. ಆದರೂ ಮಹಾಭಾರತ ಅವನನ್ನು ಬಿಟ್ಟುಕೊಡಲಿಲ್ಲ. ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕೆ ತಾಗಿತು.

ಸುಳಿವುಗಾರನ ರಥ ನೆಲಕ್ಕೆ ತಾಗುವುದಿಲ್ಲ, ಧರ್ಮರಾಯನದು ತಾಗಿತು. ಯಾಕೆ? ನನಗೆ ಮೂರು ವ್ಯತ್ಯಾಸಗಳು ಕಾಣುತ್ತವೆ. ಮೊದಲನೆಯದು, ತಾನೊಂದು ಸಮಸ್ಯೆಯನ್ನು ಬಿಡಿಸುತ್ತಿದ್ದೇನೆ ಎಂದು ದ್ರೋಣನಿಗೆ ಗೊತ್ತಿರಲಿಲ್ಲ. ಅವನು ನಿಜ ತಿಳಿಯಲು ಬಂದಿದ್ದ, ಆಟವಾಡಲು ಅಲ್ಲ. ಎರಡನೆಯದು, ಬಿಡಿಸಲು ಬೇಕಾದ ಪದವೇ ಅವನ ಕಿವಿಗೆ ಬೀಳಲಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ದ್ರೋಣ ಆ ಮಾತನ್ನು ಬಿಡಿಸಬಾರದು ಎಂಬುದೇ ಆಡಿದವನ ಆಸೆಯಾಗಿತ್ತು. ಪದಬಂಧ ಕಟ್ಟುವವರ ಆಸೆ ಇದಕ್ಕೆ ತಿರುವುಮುರುವು. ಬಿಡಿಸುವವರು ಒದ್ದಾಡಬೇಕು, ಆದರೆ ಕೊನೆಗೆ ಗೆಲ್ಲಬೇಕು. ಯಾರೂ ಬಿಡಿಸಲಾಗದ ಪದಬಂಧ ಅದನ್ನು ಕಟ್ಟಿದವರ ಸೋಲು. ತಾನು ಸಿಕ್ಕಿಬೀಳಲೆಂದು ಬಯಸಿ ಬೀಸುವ ಬಲೆ ಅದು.

ಈ ಅಳತೆಗೋಲು ಹಿಡಿದು ಸುತ್ತ ನೋಡಿದರೆ ಪ್ರತಿದಿನ ನಮ್ಮ ಕೈಗೆ ಬರುವ ಎಷ್ಟೋ ಕಾಗದಗಳು ಧರ್ಮರಾಯನ ಪಕ್ಷದವೇ. ದೊಡ್ಡಕ್ಷರದಲ್ಲಿ ಉಚಿತವೆಂದು ಬರೆದು ಷರತ್ತನ್ನು ಇರುವೆಗಾತ್ರದ ಅಕ್ಷರದಲ್ಲಿ ಹಾಕಿದ ಜಾಹೀರಾತು, ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳಿ ವರ್ಷದ ಲೆಕ್ಕವನ್ನು ಒಳಪುಟಕ್ಕೆ ತಳ್ಳಿದ ಸಾಲಪತ್ರ. ಅದರಲ್ಲೂ ಪ್ರತಿ ಪದ ನಿಜವೇ, ಕೋರ್ಟಿನಲ್ಲಿ ನಿಲ್ಲಬಹುದು. ಆದರೆ ನಾವು ಬಿಡಿಸಬಾರದೆಂದೇ ಅವನ್ನು ಬರೆದಿರುತ್ತಾರೆ. ಸತ್ಯ ಹೇಳಿದ್ದೇವೋ ಇಲ್ಲವೋ ಎಂದು ಪದಗಳನ್ನಷ್ಟೇ ತೂಗಿದರೆ ಈ ಎರಡು ಬಗೆಯ ಮಾತುಗಳ ನಡುವಿನ ಭೇದ ಸಿಗುವುದಿಲ್ಲ. ಕೇಳುಗ ಕೊನೆಗೆ ಎಲ್ಲಿಗೆ ತಲುಪಬೇಕೆಂದು ಮಾತಾಡಿದವರು ಬಯಸಿದ್ದರು ಎಂದು ಕೇಳಬೇಕು.

ಇಲ್ಲಿಗೆ ಪ್ರಶ್ನೆ ಮುಗಿಯಿತೆಂದುಕೊಂಡರೆ ಇನ್ನೊಂದು ಎದುರಾಗುತ್ತದೆ. ನ್ಯಾಯ ಸರಿ, ಆದರೆ ಯಾರಿಗೆ?

ಇನ್ನೊಂದು ಸುಳಿವು ಕೊಡುತ್ತೇನೆ. ‘ತುಳುವಿನಲ್ಲಿ ಬನ್ನಿ ಎಂದರೆ ಮೀನಿಗೆ ಅಪಾಯ.’ ಎರಡಕ್ಷರ. ಮಂಗಳೂರಿನವರಿಗೆ ಇದು ಚಿಟಿಕೆ ಹೊಡೆದಷ್ಟು ಸುಲಭ. ತುಳುವಿನಲ್ಲಿ ಮರ್ಯಾದೆಯಿಂದ ಕರೆಯುವ ಮಾತು ‘ಬಲೆ’; ಕನ್ನಡದಲ್ಲಿ ಮೀನು ಬೀಳುವುದೂ ಬಲೆಗೇ. ಸುಳಿವು ಕ್ಸಿಮೆನೆಸರ ನಿಯಮಕ್ಕೆ ತಪ್ಪಿಲ್ಲ. ಒಂದು ಪದವೂ ಹೆಚ್ಚಿಲ್ಲ. ಧಾರವಾಡದ ಓದುಗರು ‘ಮೀನಿಗೆ ಅಪಾಯ’ ಎಂಬಷ್ಟರಿಂದಲೇ ಬಲೆ ಎಂದು ಊಹಿಸಿಯಾರು, ಆದರೆ ಅವರ ಲೆಕ್ಕದ ಒಂದು ಬದಿ ಖಾಲಿಯೇ ಉಳಿಯುತ್ತದೆ. ಅವರಿಗದು ಗಾಳ, ಬಲೆಗಳಲ್ಲಿ ಒಂದನ್ನು ಆರಿಸುವ ಅಂದಾಜು. ಅದೇ ಸುಳಿವು ನಮಗೆ ನ್ಯಾಯ, ಅವರಿಗೆ ಅಲ್ಲ.

ಇಂಗ್ಲಿಷ್ ಕ್ರಿಪ್ಟಿಕ್‌ಗೆ ಮೊದಲ ಸಲ ಕೈಹಾಕುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ನಿಲ್ಲುವುದು ಈ ಧಾರವಾಡದ ಓದುಗರ ಜಾಗದಲ್ಲೇ. ಅಲ್ಲಿ ‘ಡಕ್’ ಎಂದರೆ ಬಾತುಕೋಳಿಯಲ್ಲ, ಕ್ರಿಕೆಟ್ಟಿನ ಸೊನ್ನೆ, ಆದ್ದರಿಂದ ‘ಓ’ ಅಕ್ಷರ. ‘ಗನ್ನರ್’ ಎಂದರೆ ಬ್ರಿಟಿಷ್ ಫಿರಂಗಿದಳದ ‘ಆರ್ಎ’. ‘ಫ್ಲವರ್’ ಎಂದರೆ ಎಷ್ಟೋ ಸಲ ಹೂವಲ್ಲ. ‘ಫ್ಲೋ’ ಆಗುವುದು, ಅರ್ಥಾತ್ ನದಿ. ಆ ನದಿಯೂ ಸಾಮಾನ್ಯವಾಗಿ ಇಂಗ್ಲೆಂಡಿನ ಎಕ್ಸ್, ಡೀ, ಕ್ಯಾಮ್‌ಗಳಲ್ಲೊಂದು. ನೇತ್ರಾವತಿ, ಫಲ್ಗುಣಿಗಳ ನಡುವೆ ಬೆಳೆದವರಿಗೆ ಅವು ಕಿವಿಗೂ ಬೀಳದ ಹೊಳೆಗಳು. ನನ್ನ ಜೊತೆಯ ಸಂಶೋಧನ ವಿದ್ಯಾರ್ಥಿಯೊಬ್ಬರಿಗೆ ಹಿಂದೂ ಪತ್ರಿಕೆಯ ಆ ಪುಟವನ್ನು ತೋರಿಸಿದಾಗ ಎರಡು ನಿಮಿಷ ನೋಡಿ, “ಇದು ನಮ್ಮಂಥವರಿಗಲ್ಲ” ಎಂದು ಮಡಚಿಟ್ಟರು. ಹಳಗನ್ನಡದ ಪದ್ಯವನ್ನು ಅನ್ವಯಿಸಿ ಬಿಡಿಸುವುದರಲ್ಲಿ ಅವರಷ್ಟು ಚುರುಕಿನವರು ನಮ್ಮಲ್ಲಿಲ್ಲ. ಬುದ್ಧಿಯ ಕೊರತೆಯೆಂದು ಅವರು ತಿಳಿದುಕೊಂಡಿದ್ದು ನಿಜವಾಗಿ ನಾಲ್ಕೈದು ಡಜನ್ ವಾಡಿಕೆಯ ಸಂಕೇತಗಳ ಪರಿಚಯವಿಲ್ಲದ್ದು, ಅಷ್ಟೇ.

ಈ ಆಕ್ಷೇಪ ಹೊಸದಲ್ಲ. ದಂಡಿ ತನ್ನ ಕಾವ್ಯಾದರ್ಶದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ವಿವರಿಸುತ್ತಾನೆ. ಗೋಷ್ಠಿಯ ವಿನೋದಕ್ಕೆ, ಗುಂಪಿನ ನಡುವೆ ಬಲ್ಲವರಷ್ಟೇ ಗುಟ್ಟು ಮಾತಾಡಲು, ಇತರರನ್ನು ಗೊಂದಲಕ್ಕೆ ಕೆಡವಲು ಇವು ಉಪಯೋಗವೆನ್ನುತ್ತಾನೆ. ಭಾಮಹನಿಗೆ ಇದು ಹಿಡಿಸಿಲ್ಲ. ಶಾಸ್ತ್ರದ ಹಾಗೆ ಕಾವ್ಯಕ್ಕೂ ವ್ಯಾಖ್ಯಾನ ಬೇಕೆಂದಾದರೆ ಜಾಣರಿಗೇನೋ ಸಂಭ್ರಮ, ಉಳಿದವರ ಪಾಡು ಕೆಟ್ಟಿತು ಎಂಬುದು ಅವನ ಕಳವಳ. ದಂಡಿ ಹೇಳುವ ಮೂರು ಉಪಯೋಗಗಳಲ್ಲಿ ವಿನೋದ ಮತ್ತು ಹೊರಗಿಡುವಿಕೆ ಎರಡೂ ಇವೆ ಎಂಬುದನ್ನು ಗಮನಿಸಬೇಕು. ಒಂದೇ ಒಗಟು ಒಳಗಿನವರಿಗೆ ಆಟ, ಹೊರಗಿನವರಿಗೆ ಗೋಡೆ.

ಹಾಗಾದರೆ ಸುಳಿವುಗಳನ್ನೆಲ್ಲ ಸುಲಭ ಮಾಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಕಷ್ಟದಲ್ಲಿ ಎರಡು ಬಗೆಯಿದೆ. ಒಂದು, ಎಲ್ಲವೂ ಕಣ್ಣೆದುರಿಗಿದ್ದೂ ಕಾಣದಿರುವ ಕಷ್ಟ. ದಿನದಿನದೊಳಗಿನ ನದಿಯದು ಅಂಥದ್ದು. ಇನ್ನೊಂದು, ಬೇಕಾದ ವಸ್ತು ಬೇರೆಯವರ ಮನೆಯ ಬೀರುವಿನಲ್ಲಿರುವ ಕಷ್ಟ. ಮೊದಲನೆಯದನ್ನು ಕಡಿಮೆ ಮಾಡಿದರೆ ಆಟವೇ ಉಳಿಯುವುದಿಲ್ಲ. ಎರಡನೆಯದನ್ನು ಕಡಿಮೆ ಮಾಡದಿದ್ದರೆ ಅದು ಆಟವಾಗಿ ಉಳಿಯುವುದಿಲ್ಲ. ಬೀರುವಿನ ಬೀಗದ ಕೈ ಕೊಡುವುದು ಬಲ್ಲವರ ಜವಾಬ್ದಾರಿ. ಫರ್ಡಿನಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ನಿಘಂಟು ಎಂದರೆ ಒಂದು ಭಾಷೆಯ ಬೀಗದ ಕೈಗಳನ್ನೆಲ್ಲ ಹೊರಗೆ ತೂಗುಹಾಕುವ ಕೆಲಸವೇ ತಾನೆ? ನಿಘಂಟು ಇಟ್ಟುಕೊಂಡು ಪದಬಂಧ ಬಿಡಿಸುವುದು ಹೇಡಿತನವೆಂದು ಮೂಗು ಮುರಿಯುವವರಿದ್ದಾರೆ. ಮನೆಯಲ್ಲೇ ಆ ಭಾಷೆಯನ್ನು ಕಲಿತವರಿಗೆ ಹಾಗನ್ನುವುದು ಸುಲಭ.

ಇನ್ನೊಂದು ದಾರಿ, ನಮ್ಮ ಭಾಷೆಯಲ್ಲೇ ಗೂಢ ಸುಳಿವುಗಳನ್ನು ಕಟ್ಟುವುದು. ಕನ್ನಡದಲ್ಲಿ ಪದಬಂಧಕ್ಕೆ ಕೊರತೆಯಿಲ್ಲ. ಎ.ಎನ್. ಪ್ರಹ್ಲಾದ ರಾವ್ ಅವರೊಬ್ಬರೇ ಮೂವತ್ತು ಸಾವಿರಕ್ಕೂ ಹೆಚ್ಚು ಪದಬಂಧಗಳನ್ನು ರಚಿಸಿದ್ದಾರೆ. ಗೂಢ ಬಗೆಯ ಕಟ್ಟೋಣಕ್ಕೂ ನಮ್ಮ ಭಾಷೆ ಒಗ್ಗುತ್ತದೆ, ಆದರೆ ಅದರದೇ ರೀತಿಯಲ್ಲಿ. ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಓಡಾಡುತ್ತದೆ, ಹಾಗಾಗಿ ಅಕ್ಷರ ಕಲಸುವ ಆಟ ಅಲ್ಲಿ ಹುಲುಸು. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ ಒಂದು ಚೌಕ, ಕಲಸುವುದು ಕಷ್ಟ. ಬದಲಿಗೆ ನಮಗೆ ಸಂಧಿಯಿದೆ. ‘ಬುಧನ ಹಿಂದಿನವ ಊರು ಸೇರಿದರೆ ಕಡಲ ತಡಿಯ ನಗರ’, ನಾಲ್ಕಕ್ಷರ. ಬುಧವಾರದ ಹಿಂದಿನವ ಮಂಗಳ, ಅವನಿಗೆ ಊರು ಸೇರಿದರೆ ಲೋಪಸಂಧಿಯಾಗಿ ಮಂಗಳೂರು. ‘ನಡೆಯಲು ಬೇಕಾದ್ದು ನಾಲ್ಕರಲ್ಲಿ ಒಂದು ಪಾಲು’, ಎರಡಕ್ಷರ: ಕಾಲು. ಇವನ್ನು ಬಿಡಿಸಲು ಇಂಗ್ಲೆಂಡಿನ ಹೊಳೆಗಳು ಬೇಡ. ‘ನಮ್ಮಂಥವರಿಗಲ್ಲ’ ಎಂದಿದ್ದ ಗೆಳೆಯರು ಕಾಲನ್ನು ನನಗಿಂತ ಬೇಗ ಬಿಡಿಸಿ, ಮರುದಿನ ಕೊಣಾಜೆಯ ಬಸ್ಸಿನಲ್ಲಿ ತಾವೇ ಕಟ್ಟಿದ ಎರಡು ಸುಳಿವುಗಳನ್ನು ನನ್ನ ಮುಂದಿಟ್ಟರು.

ಈಗ ಕೈಚೆಲ್ಲುವ ಪ್ರಶ್ನೆ. ಎಷ್ಟು ಹೊತ್ತು ಕೂತರೂ ಹೊಳೆಯದಿದ್ದಾಗ ಉತ್ತರ ನೋಡುವುದು ತಪ್ಪೇ? ಹಿಂದೆ ಮರುದಿನದ ಪತ್ರಿಕೆಗೆ ಕಾಯಬೇಕಿತ್ತು. ಈಗ ಸುಳಿವನ್ನು ಮೊಬೈಲಿನಲ್ಲಿ ಟೈಪಿಸಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಎಐಯನ್ನು ಕೇಳಿದರೆ ಉದ್ದದ ವಿವರಣೆಯೂ ಬರುತ್ತದೆ. ಆ ವಿವರಣೆಯನ್ನು ನಮ್ಮ ಬ್ಯಾಂಕಿನವರ ಪದ್ಧತಿಯಲ್ಲಿ ಕೂಡಿಸಿ ನೋಡಿದರೆ ಎಷ್ಟೋ ಸಲ ಟ್ಯಾಲಿ ಆಗುವುದಿಲ್ಲ, ಅದು ಬೇರೆ ಮಾತು.

ನೋಡುವುದೇ ಪಾಪವೆಂದು ನನಗನ್ನಿಸುವುದಿಲ್ಲ. ಒಗಟು, ಗಂಟು, ಹಲಸಿನ ಹಣ್ಣು ಮೂರಕ್ಕೂ ಕನ್ನಡದಲ್ಲಿ ನಾವು ಬಿಡಿಸುವುದು ಎಂದೇ ಹೇಳುತ್ತೇವೆ. ಹಲಸನ್ನು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಯಾರೂ ಮೋಸವೆನ್ನುವುದಿಲ್ಲ. ಸೊಳೆ ತಿಂದವರಿಗೆಲ್ಲ ಹಣ್ಣು ಬಿಡಿಸಿದ ಅನುಭವವಾಯಿತು ಎಂದೂ ಯಾರೂ ಹೇಳುವುದಿಲ್ಲ. ಉತ್ತರವನ್ನು ನೋಡಿ, ಅಲ್ಲಿಂದ ಹಿಂದಕ್ಕೆ ನಡೆದು, ಪ್ರತಿ ಪದದ ಕೆಲಸ ಹುಡುಕಿದವರು ಸುಳಿವನ್ನು ಬಿಡಿಸಿದವರೇ, ತಡವಾಗಿ ಬಿಡಿಸಿದರು ಅಷ್ಟೇ. ಉತ್ತರ ಸಿಕ್ಕ ಕೂಡಲೇ ಚೌಕ ತುಂಬಿಸಿ ಎದ್ದವರು, ಅದು ಸರಿಯೆಂದು ಇನ್ನೊಬ್ಬರ ಮಾತನ್ನು ನಂಬಿದವರು. ಸುಳಿವು ಅವರಿಗೆ ಕೊಟ್ಟಿದ್ದ ಹಕ್ಕನ್ನು, ಅಂದರೆ ತಾವೇ ಪರೀಕ್ಷಿಸಿ ಒಪ್ಪುವ ಹಕ್ಕನ್ನು, ಅವರು ಬಳಸಲಿಲ್ಲ. ತಪ್ಪೆಂಬುದು ಇದ್ದರೆ ಉತ್ತರದ ಹತ್ತಿರ ನಿಂತುಬಿಡುವುದರಲ್ಲಿದೆ.

ಇಷ್ಟೆಲ್ಲ ಹೇಳಿದರೂ ಪದಬಂಧಕ್ಕೊಂದು ಸುಖವಿದೆ, ಜೀವನದಲ್ಲಿ ಅದು ಸಿಗುವುದಿಲ್ಲ. ಇಲ್ಲಿ ಉತ್ತರ ಇದೆ ಎಂದು ಮೊದಲೇ ಗೊತ್ತು. ಯಾರೋ ಕಟ್ಟಿದ್ದಾರೆ, ಬಿಡಿಸಲೆಂದೇ ಕಟ್ಟಿದ್ದಾರೆ. ಯಾರೂ ಕಟ್ಟದ ಕಡೆಯಲ್ಲೂ ನಮಗೆ ಗಂಟು ಕಾಣತೊಡಗಿದರೆ?

1944ರ ಮೇ ತಿಂಗಳಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಕ್ರಾಸ್‌ವರ್ಡಿನಲ್ಲಿ ಯೂಟಾ, ಒಮಾಹ, ಓವರ್‌ಲಾರ್ಡ್, ಮಲ್‌ಬೆರಿ ಎಂಬ ಉತ್ತರಗಳು ಒಂದರ ಹಿಂದೊಂದು ಬಂದವು. ಜೂನ್ ಮೊದಲ ದಿನ ನೆಪ್ಚೂನ್ ಬಂತು. ಐದೂ, ಜೂನ್ 6ರಂದು ನಡೆಯಲಿದ್ದ ನಾರ್ಮಂಡಿ ದಾಳಿಯ ಗುಪ್ತನಾಮಗಳು. ಗೂಢಚಾರ ಇಲಾಖೆಯವರು ಪದಬಂಧ ಕಟ್ಟುತ್ತಿದ್ದ ಶಾಲಾ ಮುಖ್ಯೋಪಾಧ್ಯಾಯ ಲಿಯೊನಾರ್ಡ್ ಡಾ ಅವರನ್ನು ವಿಚಾರಿಸಿದರು. ಶತ್ರುವಿಗೆ ಸುದ್ದಿ ಕಳಿಸಿದ್ದಕ್ಕೆ ಏನೂ ಸಿಗಲಿಲ್ಲ. ನಾಲ್ಕು ದಶಕಗಳ ಮೇಲೆ ಅವರ ಹಳೆಯ ವಿದ್ಯಾರ್ಥಿಯೊಬ್ಬರು, ಹತ್ತಿರದ ಸೈನಿಕರಿಂದ ಕೇಳಿದ ಪದಗಳನ್ನು ಹುಡುಗರಾದ ನಾವೇ ಮೇಷ್ಟ್ರಿಗೆ ಕೊಟ್ಟಿದ್ದೆವು ಎಂದರು. ಅದೂ ಒಬ್ಬರ ಮಾತು. ಈ ಒಗಟಿಗೆ ಮರುದಿನದ ಪತ್ರಿಕೆಯಲ್ಲಿ ಉತ್ತರ ಬರಲಿಲ್ಲ.

ನಮ್ಮಲ್ಲಿ ‘ಸಿರಿಭೂವಲಯ’ವಿದೆ. ಕುಮುದೇಂದು ಮುನಿಯ ಹೆಸರಿನಲ್ಲಿರುವ ಇದನ್ನು ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯನವರು ಬೆಳಕಿಗೆ ತಂದರು, 1953ರಲ್ಲಿ ಅಚ್ಚಾಯಿತು. ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳು, ಅಡ್ಡ 27, ಉದ್ದ 27, ಒಟ್ಟು 729 ಮನೆಗಳ ಚಕ್ರಗಳು. ಮನೆಯಿಂದ ಮನೆಗೆ ಯಾವ ಕ್ರಮದಲ್ಲಿ ಹೋಗಬೇಕೆಂಬ ದಾರಿಗಳಿಗೆ ‘ಬಂಧ’ ಎಂದೇ ಹೆಸರು, ಪದಬಂಧದ ಬಂಧವೇ. ಅದರೊಳಗೆ 718 ಭಾಷೆಗಳಿವೆ ಎಂಬ ಹೇಳಿಕೆಯಿದೆ. ಕಾಲದ ಬಗ್ಗೆ, ಓದಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದನ್ನು ತೀರ್ಮಾನಿಸುವ ಅರ್ಹತೆ ನನ್ನದಲ್ಲ. ಆದರೆ ಪದಬಂಧ ಕಲಿಸಿದ ಎಚ್ಚರ ಅಲ್ಲಿ ಉಪಯೋಗಕ್ಕೆ ಬರುತ್ತದೆ. ದಾರಿಯನ್ನು ಮೊದಲು ಗೊತ್ತುಮಾಡಿಕೊಂಡು ನಡೆದು ಸಿಕ್ಕಿದ ಪದ ಬೇರೆ, ಬೇಕಾದ ಪದ ಸಿಗುವವರೆಗೆ ದಾರಿ ಬದಲಿಸುತ್ತ ಹೋಗುವುದು ಬೇರೆ. ಎರಡನೆಯದರಲ್ಲಿ ಏನು ಬೇಕಾದರೂ ಸಿಗುತ್ತದೆ, ಹಾಗಾಗಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ.

ನನ್ನ ಸಂಶೋಧನೆ ಬೆಡಗಿನ ವಚನಗಳಿಗೆ ನಂತರದ ಶತಮಾನಗಳಲ್ಲಿ ಬಂದ ಟೀಕೆಗಳ ಮೇಲೆ. ಅಲ್ಲಮನ ಬೆಡಗಿಗೆ ಒಂದು ಟೀಕೆ ಒಂದರ್ಥ ಹೇಳಿದರೆ ಇನ್ನೊಂದು ಬೇರೆ ಹೇಳುತ್ತದೆ. ಕನಕದಾಸರ ಮುಂಡಿಗೆಗಳಲ್ಲಿ ಸಂಬಂಧಗಳ ಸರಪಳಿ ಹಿಡಿದು ನಡೆದರೆ ಒಂದು ಹೆಸರಿಗೆ ತಲುಪಿ ನಿಲ್ಲಬಹುದು. ಬೆಡಗಿನಲ್ಲಿ ಅಂಥ ನಿಲ್ದಾಣ ಎಲ್ಲ ಕಡೆ ಇಲ್ಲ. ಅದಕ್ಕೆ ಒಂದೇ ಉತ್ತರವಿರಲೇಬೇಕೆಂದು ಅಲ್ಲಮ ಒಪ್ಪಂದ ಮಾಡಿಕೊಂಡಿಲ್ಲ. ಹೀಗಿರುವಾಗ ಐದು ವರ್ಷ ಇದರಲ್ಲಿ ಕೂರುವುದಕ್ಕೆ ಅರ್ಥವೇನು ಎಂದು ಮನೆಯವರು ಕೇಳುತ್ತಾರೆ; ಕೆಲವು ರಾತ್ರಿ ನಾನೂ ಕೇಳಿಕೊಳ್ಳುತ್ತೇನೆ. ನಾಳೆ ಉತ್ತರ ಅಚ್ಚಾಗುವುದಿಲ್ಲ. ಕಟ್ಟಿದವರನ್ನು ಕೇಳುವಂತಿಲ್ಲ.

ಆಗ ಉಳಿಯುವುದು ಪದಬಂಧದ ಇನ್ನೊಂದು ಪಾಠ. ಸುಳಿವು ಎಷ್ಟೇ ಗಟ್ಟಿಯಿದ್ದರೂ ಎಡದಿಂದ ಬಲಕ್ಕೆ ಬರೆದ ಪದವನ್ನು ಮೇಲಿನಿಂದ ಕೆಳಕ್ಕೆ ಬರುವ ಪದಗಳು ಅಡ್ಡ ಹಾಯುತ್ತವೆ. ನಾನು ಬರೆದ ಅಕ್ಷರದ ಮೇಲೆ ಇನ್ನೊಂದು ಪದಕ್ಕೂ ಹಕ್ಕಿದೆ. ಎರಡೂ ಹೊಂದದಿದ್ದರೆ ಒಂದನ್ನು ಅಳಿಸಬೇಕು. ಅಳಿಸಬೇಕಾದದ್ದು ನನ್ನದೇ ಇರಬಹುದು. ಬೆಡಗಿನ ನನ್ನ ಅರ್ಥವನ್ನು ಹಳೆಯ ಟೀಕೆ ಅಡ್ಡ ಹಾಯುತ್ತದೆ, ಅದೇ ವಚನಕಾರನ ಇನ್ನೊಂದು ವಚನ ಅಡ್ಡ ಹಾಯುತ್ತದೆ, ಕಿಟ್ಟೆಲರ ನಿಘಂಟು ಅಡ್ಡ ಹಾಯುತ್ತದೆ, ಬಸ್ಸಿನಲ್ಲಿ ಪಕ್ಕ ಕೂತ ಗೆಳೆಯರ ಮಾತು ಅಡ್ಡ ಹಾಯುತ್ತದೆ. ಉತ್ತರವಿದೆ ಎಂಬ ಭರವಸೆಯನ್ನು ಯಾರೂ ಕೊಡದಿದ್ದರೂ, ಯಾವುದು ಉತ್ತರವಲ್ಲ ಎಂಬುದು ಹೀಗೆ ಒಂದೊಂದಾಗಿ ತಿಳಿಯುತ್ತದೆ. ಚೆಂದ ಕಂಡ ಮಾತ್ರಕ್ಕೆ ‘ಕಾಲ’ ಎಂದು ಬರೆದು ಮುಗಿಸದೆ, ಲೆಕ್ಕ ಕೂಡುವವರೆಗೆ ಚೌಕವನ್ನು ಖಾಲಿ ಬಿಡುವುದು ಸಣ್ಣ ಪ್ರಾಮಾಣಿಕತೆಯಲ್ಲ. ಪ್ರಬಂಧದ ಪುಟದಲ್ಲೂ ಕೆಲವು ಚೌಕಗಳನ್ನು ಹಾಗೇ ಬಿಡಬೇಕಾಗುತ್ತದೆ.

ತುಳುವಿನಲ್ಲಿ ಒಗಟಿಗೆ ‘ಎದುರುಕತೆ’ ಎನ್ನುತ್ತಾರೆ. ಆ ಪದದ ವ್ಯುತ್ಪತ್ತಿ ಏನೇ ಇರಲಿ, ಅದನ್ನು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಎದುರುಬದುರು ಕೂತ ಇಬ್ಬರು. ಒಬ್ಬರು ಗಂಟು ಹಾಕುತ್ತಾರೆ, ಇನ್ನೊಬ್ಬರು ಬಿಡಿಸುತ್ತಾರೆ. ಹಾಕುವವರು ಬಿಡಿಸುವವರ ಬುದ್ಧಿಯನ್ನು ನಂಬಬೇಕು. ಬಿಡಿಸುವವರು ಹಾಕುವವರ ನ್ಯಾಯವನ್ನು ನಂಬಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಉಳಿಯುವುದು ಬರೀ ಸಿಕ್ಕು.